ಮನೆಯ ಎರಡು ಸಾಲು

ಜೂನ್ 3, 1993. ಗುರುವಾರ

ಮತ್ತೆ ವಾಂತಿ. ಹಾಲು ಹಾಕಿ ಬಂದು, ಪಾತ್ರೆ ಬೆಳಗಿ, ಅಕ್ಕಿ ತೊಳೆಯಲು ಕೂತೆ. ಒಂದು ಹಿಡಿ ಅಕ್ಕಿ ಬಾಯಿಗೆ ಹೋಯಿತು. ಹಸಿ ಅಕ್ಕಿಯೊಂದೇ ಹೊಟ್ಟೆಯಲ್ಲಿ ನಿಲ್ಲುತ್ತದೆ. ಅತ್ತೆ ನೋಡಿದರು. ಒಲೆಗೆ ಸೌದೆ ತಳ್ಳಿದರು. ನೋಡಿಯೂ ನೋಡದ ಹಾಗೆ ಇರುವುದನ್ನು ಈ ಮನೆಯವರಿಂದ ಕಲಿಯಬೇಕು.

ಈ ಡೈರಿ ಜನವರಿಯದು. ಹೊಸಕೋಟೆಯ ಗೊಬ್ಬರ-ಔಷಧಿ ಅಂಗಡಿಯವರು ಇವರಿಗೆ ಪುಕ್ಕಟೆ ಕೊಟ್ಟದ್ದು. ಇವರು ನನ್ನ ಮಡಿಲಿಗೆ ಹಾಕಿ, “ಎಸ್ಸೆಸ್ಸೆಲ್ಸಿ ಪಾಸಲ್ವಾ, ಏನಾದ್ರೂ ಬರ್ಕೋ” ಅಂದಿದ್ದರು. ಐದು ತಿಂಗಳು ಟ್ರಂಕಿನಲ್ಲೇ ಇತ್ತು. ಪುಟದ ಕೆಳಗೆ ದಿನಕ್ಕೊಂದು ಬುದ್ಧಿಮಾತು. ಇವತ್ತಿನದು — ಕೀಟ ಕಾಣುವ ಮೊದಲೇ ಸಿಂಪಡಿಸಿ, ನೆಮ್ಮದಿಯಿಂದ ನಿದ್ರಿಸಿ. ಬಸುರಿಗೆ ನಿದ್ದೆ ಬರಲು ಏನು ಸಿಂಪಡಿಸಬೇಕೋ ಬರೆದಿಲ್ಲ.

ಇವರು ಅಂದರೆ ನನ್ನ ಗಂಡ. ಹೆಸರು ಹೇಳಬಾರದು ಅಂತ ಅತ್ತೆ ಹೇಳಿದ್ದಾರೆ. ಬರೆಯಬಾರದು ಅಂತ ಯಾರೂ ಹೇಳಿಲ್ಲ. ಶ್ರೀಧರ. ಬರೆದೆ. ಏನೂ ಆಗಲಿಲ್ಲ.

ಜೂನ್ 7

ನಂದಗುಡಿಗೆ ಹೋಗಿದ್ದೆ, ಆಸ್ಪತ್ರೆಯ ಸಿಸ್ಟರ್ ಹತ್ತಿರ. ಬೆರಳು ಚುಚ್ಚಿ ನೋಡಿದರು. ರಕ್ತ ಎಂಟು. ಹನ್ನೊಂದಾದರೂ ಇರಬೇಕಂತೆ.

“ಏನಮ್ಮ ತಿಂತೀಯ ಮನೇಲಿ?”

“ಅನ್ನ.”

“ಅನ್ನದ ಜತೆಗೆ?”

“ತಿಳಿಸಾರು.”

“ಆಮೇಲೆ?”

ಆಮೇಲೆ ಮಜ್ಜಿಗೆ ಅನ್ನ. ಹೇಳಲು ನಾಚಿಕೆಯಾಯಿತು.

“ಸೊಪ್ಪು ತಿನ್ನು, ರಾಗಿ ತಿನ್ನು. ಹಳ್ಳೀಲಿದ್ಕೊಂಡು ಸೊಪ್ಪು ತಿನ್ನಲ್ಲ ಅಂದ್ರೆ ಏನರ್ಥ? ಹಿಂಗೇ ಆದ್ರೆ ಹೆರಿಗೇಲಿ ಕಷ್ಟ. ನಿಂಗೂ ಕಷ್ಟ, ಮಗೂಗೂ ಕಷ್ಟ.”

ಕೆಂಪು ಮಾತ್ರೆ ಕೊಟ್ಟರು. ಹಸಿ ಅಕ್ಕಿ ತಿನ್ನುವ ವಿಷಯ ಹೇಳಲಿಲ್ಲ. ಒಲೆಯ ಸುಟ್ಟ ಮಣ್ಣು ಕೆರೆದು ತಿನ್ನುವುದಂತೂ ಹೇಳಲೇ ಇಲ್ಲ.

ಬಸ್ಸಿನಲ್ಲಿ ಬರುತ್ತಾ ಯೋಚಿಸಿದೆ. ಬೋರ್‌ವೆಲ್ ಕೊರೆಸಿದ ವರ್ಷವೇ ಈ ಮನೆಯಲ್ಲಿ ರಾಗಿ ಬಿತ್ತುವುದು ನಿಂತಿತಂತೆ. ಈಗ ಇಡೀ ಹೊಲ ಟೊಮ್ಯಾಟೊ, ಕೋಸು, ಹುರುಳಿಕಾಯಿ. ಮಾವನಿಗೊಬ್ಬರಿಗೆ ರಾತ್ರಿ ಅಂಗಡಿ ಹಿಟ್ಟಿನ ಒಂದು ಮುದ್ದೆ. ಮಿಕ್ಕವರಿಗೆ ಎರಡು ಹೊತ್ತೂ ಬಿಳಿ ಅನ್ನ. ಅನ್ನ ಉಣ್ಣುವವರು ಅಂದರೆ ಮೇಲೆ ಬಂದವರು. ಮೇಲೆ ಬಂದೇ ನನ್ನ ರಕ್ತ ಕೆಳಗಿಳಿಯಿತೋ ಏನೋ.

ಜೂನ್ 12. ಮಧ್ಯಾಹ್ನ

ಅಣ್ಣೆಸೊಪ್ಪು ಬೇಕು.

ಮೂರು ದಿನದಿಂದ ಇದೊಂದೇ ತಲೆಯಲ್ಲಿ. ಅಮ್ಮ ಕಳೆ ಕೀಳಲು ಹೋದಾಗ ರಾಗಿ ಸಾಲಿನ ನಡುವೆ ಸಿಕ್ಕಿದ್ದನ್ನೆಲ್ಲ ಮಡಿಲಿಗೆ ಹಾಕಿಕೊಂಡು ಬರುತ್ತಿದ್ದಳು. ಅಣ್ಣೆ, ಗಣಿಕೆ, ಗೋಣಿ, ಕೀರೆ. ಯಾರೂ ಬಿತ್ತಿದ್ದಲ್ಲ, ಮಳೆ ಬಿದ್ದರೆ ತಾನಾಗಿ ಬರುತ್ತಿತ್ತು. ಒದ್ದೆ ಸೆರಗು ಬಿಚ್ಚಿ ಜಗಲಿಯ ಮೇಲೆ ಸುರಿದರೆ ಮಣ್ಣಿನ ವಾಸನೆ, ಅಮ್ಮನ ಬೆವರಿನ ವಾಸನೆ, ಸೊಪ್ಪಿನ ವಾಸನೆ, ಮೂರೂ ಒಟ್ಟಿಗೆ. ನಾನು ಸೋಸಿಕೊಡುತ್ತಿದ್ದೆ. ಹುಲ್ಲು ಬೆರೆತರೆ ತಲೆಗೆ ಮೊಟಕುತ್ತಿದ್ದಳು. ಬೇಳೆಯ ಜತೆ ಬೇಯಿಸಿ, ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಹಾಕಿ ಮಸೆದು, ಮುದ್ದೆಯ ಗುಂಡಿಯಲ್ಲಿ ಸುರಿಯುತ್ತಿದ್ದಳು. ಮೂಗು ಸೋರುತ್ತಿತ್ತು, ಉಣ್ಣುತ್ತಲೇ ಇರುತ್ತಿದ್ದೆ.

ಅಮ್ಮ ಹೋಗಿ ನಾಲ್ಕು ವರ್ಷ. ನನ್ನ ಮದುವೆ ನೋಡಲಿಲ್ಲ. ಇಷ್ಟು ದಿನ ಇಷ್ಟು ನೆನಪಾಗಿರಲಿಲ್ಲ. ಈಗ ಹಸಿವಾದರೆ ಸಾಕು, ಅಮ್ಮ ಬೇಕು ಅನ್ನಿಸುತ್ತದೆ. ಇಷ್ಟು ದೊಡ್ಡವಳಾಗಿ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಜೂನ್ 15

ಸುತ್ತಿ ಬಳಸಿ ಅತ್ತೆಯನ್ನು ಕೇಳಿದೆ. “ಈ ಕಡೆ ಅಣ್ಣೆಸೊಪ್ಪು ಗಿಣ್ಣೆಸೊಪ್ಪು ಸಿಗಲ್ವಾ ಅತ್ತೆ?”

“ಎಲ್ಲೈತಮ್ಮ ಈಗ. ರಾಗಿ ಇದ್ರಲ್ವಾ ಅಣ್ಣೆಸೊಪ್ಪು.” ಬೇಳೆ ಕೇರುತ್ತಲೇ ಇದ್ದರು. ನನ್ನ ಮುಖ ನೋಡಲಿಲ್ಲ.

ಮೊರ ಕೆಳಗಿಟ್ಟು ತಾವಾಗಿಯೇ ಮಾತು ತೆಗೆದರು. “ಬಯಕೆ ಅನ್ನೋದನ್ನ ಬಸುರಿ ಬಾಯ್ಬಿಟ್ಟು ಕೇಳ್ಬಾರ್ದು ಕಣಮ್ಮ. ಮನೆಯೋರು ಕಂಡ್ಕೋಬೇಕು. ಕಂಡ್ಕೊಂಡೋರೂ ಮಾಡೋ ತಂಕ ಯಾರ್ಗೂ ಹೇಳ್ಬಾರ್ದು, ದೃಷ್ಟಿ ಆಗ್ತದೆ. ಮಾಡಿ ಮುಂದಿಟ್ರೆ ಮೊದಲ್ನೇ ತುತ್ತು ಬಸುರೀದು. ಬೇರೆ ಯಾರೂ ಮುಟ್ಬಾರ್ದು, ಉಪ್ಪು ನೋಡೋಕೂ ಮುಟ್ಬಾರ್ದು.”

“ಉಪ್ಪು ಹೆಚ್ಚಾಗಿದ್ರೆ?”

“ಉಪ್ಪು ಹೆಚ್ಚಾದ್ರೆ ಗಂಡು.”

ನಮ್ಮತ್ತೆ ನರಸಮ್ಮನವರ ಹತ್ತಿರ ಎಲ್ಲಕ್ಕೂ ಉತ್ತರ ಇದೆ.

ಜೂನ್ 20. ಭಾನುವಾರ

ಸೂಲಿಬೆಲೆ ಹತ್ತಿರ ತವರಿಗೆ ಹೋಗಿ ಬಂದೆ. ಅಣ್ಣನಿಗೆ ಫ್ಯಾಕ್ಟರಿ ರಜೆ ಇತ್ತು. ಅತ್ತಿಗೆ ಕೇಸರಿಬಾತು ಮಾಡಿದ್ದಳು, ಪಾಪ. ತಿಂದೆ, ಹಿತ್ತಲಿಗೆ ಹೋಗಿ ವಾಂತಿ ಮಾಡಿದೆ, ಚೆನ್ನಾಗಿದೆ ಅಂದೆ.

ಸಂಜೆ ಒಬ್ಬಳೇ ಹೊಲಕ್ಕೆ ನಡೆದೆ. ಮಳೆ ಬಿದ್ದಿದೆ, ಒಂದು ಹಿಡಿಯಾದರೂ ಸಿಕ್ಕೀತು ಅಂತ. ಅಮ್ಮನ ರಾಗಿ ಹೊಲದ ತುಂಬ ನೀಲಗಿರಿ. ಅಣ್ಣ ಹಾಕಿ ಮೂರು ವರ್ಷವಾಯಿತು. ಆಳು ಬೇಡ, ಕಾವಲು ಬೇಡ, ದನ ಸಹ ಮೇಯುವುದಿಲ್ಲ. ಕೆಳಗೆ ಬರೀ ತರಗು, ಒಂದು ಗರಿಕೆಯೂ ಇಲ್ಲ. ನಡೆದರೆ ಚರಚರ ಸದ್ದು. ಬಾವಿಗೆ ಕಲ್ಲು ಎಸೆದೆ. ನೀರಿನ ಸದ್ದು ಬರಲಿಲ್ಲ.

“ಅಣ್ಣಾ, ರಾಗಿ ಬಿತ್ತಬಾರ್ದಾಗಿತ್ತಾ?”

“ಯಾರು ತಿಂತಾರಮ್ಮ ರಾಗಿ ಈಗ? ಮಕ್ಳು ಮುದ್ದೆ ಕಂಡ್ರೆ ಎದ್ದೋಗ್ತವೆ. ತಿನ್ನೋರಿಲ್ದಿದ್ಮೇಲೆ ಬಿತ್ತೋದು ಯಾಕೆ?”

ಅವನು ಹೇಳಿದ್ದೂ ಸರಿಯೇ. ನಾವು ತಟ್ಟೆಯಲ್ಲಿ ಬೇಡ ಅಂದದ್ದು ಹೊಲದಿಂದಲೂ ಹೋಯಿತು, ಹೋಗುವಾಗ ಸೊಪ್ಪನ್ನೂ ಕರೆದುಕೊಂಡು ಹೋಯಿತು. ಅಮ್ಮ ಇದ್ದಿದ್ದರೆ ಇಲ್ಲಿ ಕೂತು ಯಾವುದನ್ನು ಸೋಸುತ್ತಿದ್ದಳು? ನೀಲಗಿರಿ ವಾಸನೆಗೆ ತಲೆನೋವು ಬಂತು. ಬೇಗ ವಾಪಸು ಬಂದೆ.

ಜೂನ್ 24

ಬೆಳಗ್ಗೆ ಟೊಮ್ಯಾಟೊಗೆ ಔಷಧಿ ಹೊಡೆದರು. ವಾಸನೆ ಮನೆವರೆಗೂ. ನಾನು ಹೊಲದ ಕಡೆ ಕಾಲಿಟ್ಟು ಒಂದು ತಿಂಗಳೇ ಆಯಿತು. ಅತ್ತೆಯ ಅಪ್ಪಣೆ — ಬಸುರಿ ಆ ಕಡೆ ಸುಳಿಯಬಾರದು.

ಮದುವೆಯಾದ ಹೊಸದರಲ್ಲಿ ಇವರು ನನ್ನನ್ನು ಹೊಲ ತೋರಿಸಲು ಕರೆದೊಯ್ದಿದ್ದರು. ಪಂಪ್‌ಹೌಸ್ ಪಕ್ಕದ ಕೊನೆಯ ಎರಡು ಸಾಲಿನ ಹತ್ತಿರ ನಿಂತು ಹೆಮ್ಮೆಯಿಂದ ಹೇಳಿದ್ದರು, “ಇವೆರಡು ಸಾಲು ಮನೇಗೆ. ಇದಕ್ಕೆ ಔಷಧಿ ಹೊಡಿಯಲ್ಲ.”

“ಮಿಕ್ಕಿದ್ದು?”

“ಮಿಕ್ಕಿದ್ದು ಮಾರ್ಕೆಟ್ಟಿಗೆ.”

ಈ ಊರಿನಲ್ಲಿ ಎಲ್ಲರ ಹೊಲದಲ್ಲೂ ಹೀಗೆ ಎರಡೋ ಮೂರೋ ಸಾಲು ಇದೆ. ಯಾರೂ ಬಚ್ಚಿಡುವುದಿಲ್ಲ, ಯಾರೂ ಮಾತಾಡುವುದೂ ಇಲ್ಲ. ಆಗ ನನಗೂ ಹೆಮ್ಮೆಯೇ ಆಗಿತ್ತು. ಇವತ್ತು ಲಾರಿಗೆ ಬಾಕ್ಸು ಏರಿಸುವುದನ್ನು ನೋಡುತ್ತಾ ಬೇರೆ ಯೋಚನೆ ಬಂತು. ಪೇಟೆಯಲ್ಲೂ ನನ್ನ ಹಾಗೆ ಒಬ್ಬಳು ವಾಂತಿ ಮಾಡಿಕೊಂಡು ಕೂತಿರಬಹುದು. ಹುಳಿ ಬೇಕು ಅಂತ ಆಸೆಪಟ್ಟು ನಮ್ಮ ಟೊಮ್ಯಾಟೊ ಕಚ್ಚುತ್ತಿರಬಹುದು. ಮಾರ್ಕೆಟ್ ಅಂದರೆ ಒಂದು ಬಾಯಿ ಅಂತ ನನಗೆ ಇದುವರೆಗೂ ಹೊಳೆದೇ ಇರಲಿಲ್ಲ.

ಜೂನ್ 29

ಸಾರಿಗೆ ಟೊಮ್ಯಾಟೊ ಹೆಚ್ಚಿದೆ. ಒಳಗೆ ಹುಳ, ಹಸಿರು, ದಪ್ಪ. ನನ್ನ ಬೆರಳಿನ ಮೇಲೇ ಹತ್ತಿತು. ಈಳಿಗೆ ಬಿಟ್ಟು ಓಡಿದೆ. ಹೊಟ್ಟೆಯಲ್ಲಿದ್ದದ್ದೆಲ್ಲ ಆಚೆ.

ಇವರು ಊಟಕ್ಕೆ ಕೂತಾಗ ಸಿಟ್ಟು ಬಂತು. “ಊರಿಗೆಲ್ಲ ಒಳ್ಳೆ ಹಣ್ಣು ಕಳಿಸ್ತೀರ. ಹುಳ ಇಲ್ದಿರೋ ಒಂದು ಟೊಮ್ಯಾಟೊ ಈ ಮನೇಗಿಲ್ವಾ?”

ಇವರ ಕಿವಿ ಕೆಂಪಾಯಿತು. ಬೇಗ ಬೇಗ ಉಂಡು ಎದ್ದರು. ಅತ್ತೆ ಒಂದು ಸಲ ಮಗನ ಕಡೆ, ಒಂದು ಸಲ ನನ್ನ ಕಡೆ ನೋಡಿ ಮಜ್ಜಿಗೆ ಬಡಿಸಿದರು.

ಜುಲೈ 3. ಸಂಜೆ

ನಾಲ್ಕು ದಿನದಿಂದ ಜಡಿಮಳೆ ಇತ್ತು, ಇವತ್ತು ಬಿಟ್ಟಿದೆ. ಇವರು ಬೆನ್ನಿಗೆ ಔಷಧಿ ಪಂಪು ಏರಿಸಿಕೊಂಡು ಹೊಲಕ್ಕೆ ಹೊರಟರು. ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಾ ನೋಡಿದೆ. ಪಂಪ್‌ಹೌಸ್ ಕಡೆ ತಿರುಗಿದರು. ನನ್ನ ಕಡೆ ನೋಡಿ ಸಣ್ಣಗೆ ನಕ್ಕ ಹಾಗಿತ್ತು. ಇವರು ನಗುವುದೇ ಅಪರೂಪ. ಯಾಕೆ ಅಂತ ಕೇಳಬೇಕಾಗಿತ್ತು. ಅಷ್ಟರಲ್ಲಿ ಎಮ್ಮೆ ಹಗ್ಗ ಬಿಚ್ಚಿಕೊಂಡಿತು.

ಜುಲೈ 4. ಭಾನುವಾರ. ಮಧ್ಯಾಹ್ನ ಎರಡು ಗಂಟೆ

ಉಂಡೆ! ಅಣ್ಣೆಸೊಪ್ಪು ಉಂಡೆ.

ಇವರು ಬೆಳಗ್ಗೆ ಲೋಡಿನ ಜತೆ ಮಾರ್ಕೆಟ್ಟಿಗೆ ಹೋದರು, ಮಾವ ನಂದಗುಡಿಗೆ. ಅತ್ತೆ ನನ್ನನ್ನು ನಡುಮನೆಯಲ್ಲಿ ಮಲಗು ಅಂತ ಗದರಿಸಿ ಅಡುಗೆಮನೆ ಬಾಗಿಲು ಮುಂದೆ ಮಾಡಿಕೊಂಡರು. ಒಂದು ಗಂಟೆಗೆ ಕರೆದರು. ಮುದ್ದೆ. ಪಕ್ಕದಲ್ಲಿ ಹಸಿರು ಸಾರು, ಒಗ್ಗರಣೆ ಇನ್ನೂ ಚಟಚಟ ಅನ್ನುತ್ತಿತ್ತು.

“ಎಲ್ಲಿಂದ ತಂದ್ರಿ ಅತ್ತೆ?”

“ಉಣ್ಣೋಳಿಗೆ ಸರ್ವೆ ನಂಬರ್ ಯಾಕಮ್ಮ? ಉಣ್ಣು.”

ಮೊದಲ ತುತ್ತು ನನ್ನದು. ಅತ್ತೆ ಎದುರಿಗೆ ಕೂತು ನನ್ನ ಬಾಯನ್ನೇ ನೋಡುತ್ತಿದ್ದರು. ಉಪ್ಪು ಸ್ವಲ್ಪ ಹೆಚ್ಚು. ಗಂಡು ಅಂದೆ. ಇಬ್ಬರೂ ನಕ್ಕೆವು. ಎರಡು ಮುದ್ದೆ ಉಂಡೆ. ಸಾರು ಬಟ್ಟಲಲ್ಲಿ ಕುಡಿದೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಅಮ್ಮ ಬಂದು ಪಕ್ಕದಲ್ಲಿ ಕೂತಿದ್ದಳು. ಬರೆಯಲು ನಾಚಿಕೆಯಿಲ್ಲ, ನಿಜವಾಗಿ ಕೂತಿದ್ದಳು. ಆಮೇಲೆ ಉಳಿದದ್ದನ್ನು ಅತ್ತೆ ಉಂಡರು.

ಇನ್ನೊಂದು. ಈಗ ಮಲಗಿದ್ದಾಗ ಹೊಟ್ಟೆಯೊಳಗೆ ಮೀನು ಹೊರಳಿದ ಹಾಗಾಯಿತು. ಮೊದಲನೇ ಸಲ. ಅದಕ್ಕೂ ರುಚಿ ಗೊತ್ತಾಯಿತು.

ಬಾಯಲ್ಲಿ ಇನ್ನೂ ನೀರೂರುತ್ತಲೇ ಇದೆ. ಬೆವರು. ಮಳೆಗಾಲದಲ್ಲಿ ಇದೆಂಥ ಸೆಕೆ. ಅಕ್ಷರ ಯಾಕೋ ಮಂಜು… ಅತ್ತೆ ಹಿತ್ತಲಲ್ಲಿ ವಾಂತಿ ಮಾಡ್ತಿದ್ದಾರೆ. ಎದ್ದು ನೋಡ

ಜುಲೈ 16. ಶುಕ್ರವಾರ

ನಿನ್ನೆ ಮನೆಗೆ ಕರೆತಂದರು. ಪೆನ್ನು ಇನ್ನೂ ಹಿಡಿತಕ್ಕೆ ಬರುತ್ತಿಲ್ಲ. ನಿಧಾನವಾಗಿ ಬರೆಯುತ್ತೇನೆ.

ಆಸ್ಪತ್ರೆಯ ಮೊದಲ ದಿನಗಳು ನೆನಪಿಲ್ಲ. ಮಾವ ನಂದಗುಡಿಯಿಂದ ಬಂದಾಗ ಅತ್ತೆ ಹಿತ್ತಲಲ್ಲಿ, ನಾನು ಹೊಸ್ತಿಲಲ್ಲಿ ಬಿದ್ದಿದ್ದೆವಂತೆ. ಬಾಯಲ್ಲಿ ನೊರೆ. ಹಾಲಿನ ಟೆಂಪೊ ನಿಲ್ಲಿಸಿ ಹೊಸಕೋಟೆಗೆ ಹೊತ್ತುಕೊಂಡು ಹೋದರಂತೆ. ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, “ಏನು ಔಷಧಿ ಕುಡಿದ್ರು? ಮನೇಲಿ ಜಗಳವಾ?” ಅಂದರಂತೆ. ಮಾವನಿಗೆ ಅದೇ ದೊಡ್ಡ ಪೆಟ್ಟು.

ನಡೆದದ್ದು ಇಷ್ಟು. ನಾನು ಹುಳ ಅಂದೆ. ಇವರು ಯಾರಿಗೂ ಹೇಳದೆ ಮನೆಯ ಎರಡು ಸಾಲಿಗೂ ಔಷಧಿ ಹೊಡೆದರು. ನನಗೆ ಒಳ್ಳೆಯ ಹಣ್ಣು ಸಿಗಲಿ ಅಂತ. ಆ ಸಾಲಿನ ಬುಡದಲ್ಲಿ ಮಳೆಗೆ ಅಣ್ಣೆಸೊಪ್ಪು ಎದ್ದಿದ್ದನ್ನು ಅತ್ತೆ ಕಂಡುಕೊಂಡಿದ್ದರು. ಬಯಕೆ, ಹೇಳಬಾರದು. ಅವರೂ ಯಾರಿಗೂ ಹೇಳದೆ ಮಾರನೆಯ ದಿನ ಕಿತ್ತರು. ಮನೆಯ ಸಾಲು ಅಂದರೆ ಔಷಧಿ ಮುಟ್ಟದ ಸಾಲು. ಹಾಗೆ ನಂಬಿಯೇ ಕಿತ್ತದ್ದು. ಇಬ್ಬರೂ ನನಗಾಗಿ ಮಾಡಿದ್ದು. ಒಬ್ಬರು ಬಾಯಿ ಬಿಟ್ಟಿದ್ದರೂ ಸಾಕಾಗಿತ್ತು.

ಅತ್ತೆ ನಾಲ್ಕೇ ದಿನಕ್ಕೆ ಎದ್ದರು, ಕಮ್ಮಿ ಉಂಡಿದ್ದರು. ಈಗ ನನ್ನ ಮುಖ ನೋಡುವುದಿಲ್ಲ. ಇವರೂ ನೋಡುವುದಿಲ್ಲ. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡುವುದಿಲ್ಲ.

ಮಗು… ಡಾಕ್ಟರಮ್ಮ ಹೊಟ್ಟೆ ಮೇಲೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. “ಏನೋ ಕೇಳಿಸ್ದಂಗಿದೆ. ಇನ್ನೂ ಚಿಕ್ಕದು, ಗ್ಯಾರಂಟಿ ಹೇಳಕ್ಕಾಗಲ್ಲ. ಆಡುತ್ತಾ ಇಲ್ವಾ ನೋಡ್ಕೊಳ್ಳಿ” ಅಂದರು. ಆ ದಿನದ ನಂತರ ಮೀನು ಹೊರಳಿಲ್ಲ.

ಜುಲೈ 17

ಇಲ್ಲ.

ಜುಲೈ 18

ಎಡಕ್ಕೆ ಮಲಗಿ ನೋಡಿದೆ, ಬಲಕ್ಕೆ ಮಲಗಿ ನೋಡಿದೆ. ಇಲ್ಲ. ಏನೋ ಆಯಿತು ಅನ್ನಿಸಿತು, ಗ್ಯಾಸು.

ಜುಲೈ 20

ಇವತ್ತೂ ಇಲ್ಲ. ಇವರು ಜಗಲಿಯಲ್ಲೇ ಮಲಗುತ್ತಾರೆ. ಬೆಳಗ್ಗೆ ಒಳಗೆ ಬಂದು ಬಾಗಿಲ ಹತ್ತಿರ ನಿಲ್ಲುತ್ತಾರೆ, ಕಣ್ಣಲ್ಲೇ ಕೇಳುತ್ತಾರೆ. ನಾನು ಇಲ್ಲ ಅಂತ ತಲೆ ಆಡಿಸುತ್ತೇನೆ. ಹೋಗುತ್ತಾರೆ. ನನಗೆ ಸಿಟ್ಟು ಮಾಡಬೇಕು ಅನ್ನಿಸುತ್ತದೆ, ಯಾರ ಮೇಲೆ ಅಂತ ಗೊತ್ತಾಗುವುದಿಲ್ಲ. ಆವತ್ತಿನ ಆ ನಗು ನೆನಪಾಗುತ್ತದೆ. ಪಂಪು ಹೊತ್ತುಕೊಂಡು ನಕ್ಕಿದ್ದು.

ಅದು ಒಂದು ಸಲ ಹೊರಳಲಿ. ನನಗೆ ಬೇರೆ ಯಾವ ಬಯಕೆಯೂ ಇಲ್ಲ.

ಜುಲೈ 23. ಬೆಳಗ್ಗೆ ಹತ್ತು

ಆಡಿತು.

ಮಾವ ಅಟ್ಟದಿಂದ ಬಿತ್ತನೆಯ ಹಳೆಯ ಕೂರಿಗೆ ಇಳಿಸಿ, ಅಂಗಳದಲ್ಲಿ ಅದರ ಬಿದಿರಿಗೆ ಬೆಣೆ ಬಡಿಯುತ್ತಿದ್ದರು. ಟಕ್ ಟಕ್. ಆ ಸದ್ದಿಗೆ ಒಳಗಿಂದ ಒಂದು ಏಟು. ಕೈಯಿಟ್ಟೆ. ಇನ್ನೊಂದು. ಗ್ಯಾಸಲ್ಲ, ಗ್ಯಾಸಲ್ಲ.

ಅತ್ತೇ ಅಂತ ಕೂಗಿದೆ. ಓಡಿ ಬಂದರು. ಅವರ ಕೈ ಎಳೆದು ಹೊಟ್ಟೆ ಮೇಲೆ ಇಟ್ಟುಕೊಂಡೆ. ಕೈ ಬೂದಿಯಾಗಿತ್ತು, ಪಾತ್ರೆ ಬೆಳಗುತ್ತಿದ್ದರು. ಮೂರನೆಯದು ಅವರ ಕೈಗೇ ಸಿಕ್ಕಿತು. ಅಲ್ಲೇ ಕೂತು ನನ್ನ ಮಡಿಲಿಗೆ ತಲೆ ಇಟ್ಟು ಅತ್ತರು. “ನಾನೇ ನನ್ ಕೈಯಾರೆ ಮಾಡಿ ಬಡಿಸಿದ್ನಲ್ಲಮ್ಮ…” ಅಷ್ಟೇ ಹೇಳಿದ್ದು. ನನಗೂ ಅಳು. ಸೀರೆಯ ಮೇಲೆ ಐದು ಬೆರಳಿನ ಬೂದಿ ಗುರುತು. ಒಗೆಯಲಿಲ್ಲ ಇನ್ನೂ.

ಇವರು ಬಾಗಿಲಲ್ಲಿ ನಿಂತಿದ್ದರು. ಹೂಂ ಅಂತ ತಲೆ ಆಡಿಸಿದೆ. ಹೋಗಿ ಎಮ್ಮೆ ಮೈ ತೊಳೆದರು, ಬೆಳಗ್ಗೆ ಒಂದು ಸಲ ತೊಳೆದಿದ್ದರು.

ಜುಲೈ 27

ಮಾವ ಮಾತಾಡಿದರು. ವರ್ಷಕ್ಕೆ ಎರಡು ಸಲ ಮಾತಾಡುವವರು.

“ಲೇ ಶ್ರೀಧರ. ಪಂಪ್‌ಹೌಸ್ ಕಡೆ ಕೋಸು ಕೊಯ್ದು ಖಾಲಿ ಬಿದ್ದಿರೋ ಅರ್ಧ ಎಕರೆ ನಂಗೆ ಬಿಡು.”

“ಏನ್ ಮಾಡ್ತೀಯಪ್ಪ?”

“ರಾಗಿ ಬಿತ್ತೀನಿ. ನಡುನಡುವೆ ಅಕ್ಕಡಿ ಸಾಲು ಹಾಕ್ತೀನಿ. ಅವರೆ, ಹುಚ್ಚೆಳ್ಳು, ಸಾಸಿವೆ.”

“ಯಾರು ಕೊಳ್ತಾರೆ ಅದನ್ನ?”

“ಮಾರೋಕಲ್ಲ.” ಟವೆಲು ಒದರಿ ಹೆಗಲಿಗೆ ಹಾಕಿಕೊಂಡರು. “ಆ ಕಡೆ ಪಂಪು ತಗೊಂಡು ಬರ್ಬೇಡ. ಬಂದ್ರೆ ಕಾಲು ಮುರೀತೀನಿ.”

ಸಂಜೆಗೆ ಬಿತ್ತಿ ಮುಗಿಸಿದ್ದರು. ಎತ್ತಿನ ಹಿಂದೆ ಹುಡುಗರ ಹಾಗೆ ನಡೆಯುತ್ತಿದ್ದರಂತೆ, ಅತ್ತೆ ಹೇಳಿದರು. ಮನೆಯಲ್ಲಿ ಎಲ್ಲರೂ ಮತ್ತೆ ಸ್ವಲ್ಪ ಮಾತಾಡುತ್ತಿದ್ದೇವೆ.

ಆಗಸ್ಟ್ 9

ಸಿಸ್ಟರ್ ಮನೆಗೇ ಬಂದಿದ್ದರು. ರಕ್ತ ಒಂಬತ್ತು. ರಾಗಿ ಅಂಬಲಿ ಕುಡಿಯುತ್ತೇನೆ, ಬೆಲ್ಲ ಕಡಲೆಕಾಯಿ ತಿನ್ನುತ್ತೇನೆ, ಕೆಂಪು ಮಾತ್ರೆ ನುಂಗುತ್ತೇನೆ. ಮಣ್ಣು ಬಿಟ್ಟಿದ್ದೇನೆ. ಹಸಿ ಅಕ್ಕಿ ಪೂರ್ತಿ ಬಿಟ್ಟಿಲ್ಲ. “ಸೊಪ್ಪು?” ಅಂದರು. ಆಗಲ್ಲ ಅಂದೆ.

ಆಗುವುದಿಲ್ಲ. ಪಕ್ಕದ ಮನೆ ಮುನಿವೆಂಕಟಮ್ಮ ನುಗ್ಗೆಸೊಪ್ಪಿಗೆ ಒಗ್ಗರಣೆ ಹಾಕಿದರೆ ಇಲ್ಲಿ ನನಗೆ ಬೆವರು ಒಡೆಯುತ್ತದೆ. ಬಾಯಲ್ಲಿ ಆ ಕೆಟ್ಟ ನೀರು. ಸೆರಗು ಮೂಗಿಗೆ ಒತ್ತಿಕೊಂಡು ಕೂರುತ್ತೇನೆ.

ಅದಾದರೂ ಹೋಗಲಿ. ನಿನ್ನೆ ಸುಮ್ಮನೆ ಮಲಗಿ ಅಮ್ಮನನ್ನು ನೆನೆಸಿಕೊಂಡೆ. ಜಗಲಿ ಬಂತು, ಒದ್ದೆ ಸೆರಗು ಬಂತು, ಸೆರಗು ಬಿಚ್ಚಿದಳು. ಬಿಚ್ಚಿದ ಕೂಡಲೇ ಆಸ್ಪತ್ರೆಯ ಫಿನಾಯಿಲ್ ವಾಸನೆ. ಅಮ್ಮ ಅಲ್ಲಿಗೇ ನಿಂತುಬಿಟ್ಟಳು. ಇಡೀ ದಿನ ಪ್ರಯತ್ನಪಟ್ಟೆ, ಆಚೆ ಬರಲಿಲ್ಲ. ಅವಳ ಫೋಟೋ ಕೂಡ ನಮ್ಮ ಹತ್ತಿರ ಇಲ್ಲ. ಆ ಸೊಪ್ಪಿನ ವಾಸನೆಯೊಂದೇ ಇದ್ದದ್ದು ನನ್ನ ಹತ್ತಿರ.

ಆಗಸ್ಟ್ 22. ಭಾನುವಾರ

ಇವರು ಒಳಗೆ ಮಲಗಲು ಶುರುಮಾಡಿ ಒಂದು ವಾರ. ಬೆಳಗ್ಗೆ ಕಾಫಿ ಕೊಡುತ್ತಾ ಕೇಳಿದೆ, “ನಾಳೆ ಕೀಳೋ ಟೊಮ್ಯಾಟೊಗೆ ಇವತ್ತು ಹೊಡೀತೀರಾ?”

“ಹೂಂ.”

“ನಾಳೆನೇ ಕೀಳೋದಲ್ವಾ?”

“ಹುಳ ಕಂಡ್ರೆ, ಚುಕ್ಕಿ ಕಂಡ್ರೆ ಮಾರ್ಕೆಟ್ ಮಂಡಿಯವನು ಮುಟ್ಟಲ್ಲ ಕಣೇ. ನಾನೊಬ್ನೇ ಬಿಟ್ರೆ ಏನಾಗುತ್ತೆ? ಪೇಟೆಯೋರು ತೊಳ್ಕೊಂಡೇ ತಿನ್ನೋದು.”

“ಅತ್ತೆನೂ ತೊಳೆದಿದ್ರು.”

ಲೋಟ ಕೆಳಗಿಟ್ಟರು. ಕಾಫಿ ಅರ್ಧ ಉಳಿದಿತ್ತು. ಮತ್ತೆ ಕುಡಿಯಲಿಲ್ಲ.

ಸಾಯಂಕಾಲ ಪಂಪು ಹೊತ್ತುಕೊಂಡು ಹೋಗಿ ಹೊಡೆದು ಬಂದರು. ತಡೆಯಲಿಲ್ಲ. ತಡೆಯುವುದು ಹೇಗೆ ಅಂತ ಗೊತ್ತಿಲ್ಲ. ಈ ಟೊಮ್ಯಾಟೊದಿಂದಲೇ ಆಸ್ಪತ್ರೆಯ ಖರ್ಚೂ ನಡೆಯಿತು, ನಾಳೆ ಹೆರಿಗೆಯದ್ದೂ ನಡೆಯಬೇಕು. ಆದರೆ ಆ ಪೇಟೆಯವಳು ನನ್ನನ್ನು ಬಿಡುತ್ತಿಲ್ಲ. ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಅವಳಿಗೂ ಐದಾರು ತಿಂಗಳು ಅಂತ ಯಾಕೋ ನಿಶ್ಚಯ ಮಾಡಿಕೊಂಡಿದ್ದೇನೆ.

ಸೆಪ್ಟೆಂಬರ್ 2

ರಾಗಿ ಮೊಣಕಾಲಿಗೆ ಬಂದಿದೆಯಂತೆ. ಮಾವನ ಅಪ್ಪಣೆ ಪಡೆದು ನೋಡಲು ಹೋದೆ. ಮೇ ತಿಂಗಳ ನಂತರ ಮೊದಲ ಸಲ. ಬದುವಿನಲ್ಲಿ ಕೂತೆ. ಅವರೆ ಬಳ್ಳಿ ಹಬ್ಬುತ್ತಿದೆ. ಸಾಲಿನ ನಡುವೆ ಅಣ್ಣೆಸೊಪ್ಪು, ಗಣಿಕೆ, ಗೋಣಿ. ಯಾರೂ ಬಿತ್ತಲಿಲ್ಲ, ಎಲ್ಲಿದ್ದವೋ. ಇಷ್ಟು ವರ್ಷ ಮಣ್ಣಿನೊಳಗೆ ಕಾದುಕೊಂಡು ಕೂತಿದ್ದವಾ? ಮುಟ್ಟಿದೆ. ಮೂಸಲು ಧೈರ್ಯ ಬರಲಿಲ್ಲ. ಅತ್ತೆ ದೂರದಿಂದ ನೋಡುತ್ತಿದ್ದರು.

ಸೆಪ್ಟೆಂಬರ್ 5. ಭಾನುವಾರ. ಮಧ್ಯಾಹ್ನ

ನಾಳೆ ಅಣ್ಣ ಬರುತ್ತಾನೆ, ತವರಿಗೆ ಕರೆದೊಯ್ಯಲು. ಹೆರಿಗೆ ಅಲ್ಲೇ.

ಅತ್ತೆ ಈ ಸಲ ಗುಟ್ಟು ಮಾಡಲಿಲ್ಲ. ಬೆಳಗ್ಗೆಯೇ ಎಲ್ಲರ ಎದುರಿಗೆ ಹೇಳಿದರು, “ಇವತ್ತು ಬೆರಕೆ ಸೊಪ್ಪು ಮಾಡ್ತೀನಿ. ರಾಗಿ ಹೊಲದ್ದು. ಲೇ ಶ್ರೀಧರ, ಆ ಕಡೆ ಏನಾದ್ರೂ ಹೊಡೆದಿದ್ದೀಯಾ? ಬಾಯ್ಬಿಟ್ಟು ಹೇಳು.” “ಇಲ್ಲಮ್ಮ.” “ನಿಮ್ಮಪ್ಪನ ಮುಂದೆ ಹೇಳು.” “ಇಲ್ಲಪ್ಪ, ಹೊಡೆದಿಲ್ಲ.” ಸೊಪ್ಪು ಜಗಲಿಯ ಮೇಲೆ ಸುರಿದು ಸೋಸಿದರು. ನಾನು ನಡುಮನೆಯ ಮೂಲೆಯಲ್ಲಿ, ಸೆರಗು ಮೂಗಿಗೆ.

ಮಾಡಿ ತಂದರು. ಮೊದಲ ತುತ್ತು ನನಗಲ್ಲ.

“ಬಸುರಿಗೆ ಮೊದಲು ಅಂತ ಮಾಡಿದೋರಿಗೆ ಈ ಕಾಲ ಗೊತ್ತಿರ್ಲಿಲ್ಲ” ಅಂದರು ಅತ್ತೆ. ನನ್ನ ಎದುರಿಗೆ ಕೂತು ತಾವು ಒಂದು ಮುದ್ದೆ ಉಂಡರು. ನಿಧಾನವಾಗಿ, ಬಟ್ಟಲು ಬಳಿದು. ಮಾವ ಉಂಡರು. ಇವರು ಹೊಲದ ಸೊಪ್ಪನ್ನು ಕಳೆ ಅನ್ನುವವರು, ಇವರೂ ಕೂತು ಉಂಡರು. ಮೂವರೂ ಕೈ ತೊಳೆದು ಸಾಲಾಗಿ ಗೋಡೆಗೊರಗಿ ಕೂತರು. “ಕಾಯಾಣ” ಅಂದರು ಅತ್ತೆ.

ಕಾಯುವ ಹೊತ್ತಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಮೂವರೂ ನನ್ನನ್ನು ನೋಡುತ್ತಿದ್ದಾರೆ, ನಾನು ಮೂವರನ್ನೂ ನೋಡುತ್ತಿದ್ದೇನೆ. ಮಾವ ತೂಕಡಿಸುತ್ತಿದ್ದಾರೆ, ಅತ್ತೆ ಗಾಬರಿಯಿಂದ ತಿವಿದು ಎಬ್ಬಿಸಿದರು. ನಗು ಬಂತು. ಮನೆಯಲ್ಲಿ ಇಷ್ಟು ನಗು ಬಂದು ಎರಡು ತಿಂಗಳಾಯಿತು.

ಅಂಗಳದಲ್ಲಿ ಪಂಪು ಇದೆ, ಪಕ್ಕದಲ್ಲಿ ಔಷಧಿ ಡಬ್ಬ. ನಾಳೆ ಟೊಮ್ಯಾಟೊ ಕೀಳಬೇಕು. ನನಗೆ ಮೂರು ಜನ ಮೊದಲು ತಿಂದು ತೋರಿಸಿದರು. ಆ ಪೇಟೆಯವಳಿಗೆ ಯಾರು ತೋರಿಸುತ್ತಾರೆ? ಇದನ್ನು ಬರೆಯುತ್ತಾ ಬಾಯಲ್ಲೂ ಅಂದುಬಿಟ್ಟೆ. ಜೋರಾಗಿ.

ಇವರು ಎದ್ದು ಆಚೆ ಹೋದರು. ಪಂಪು ಎತ್ತಿದ ಸದ್ದು. ಹೊಲಕ್ಕೆ ಅಂದುಕೊಂಡೆ. ಕೊಟ್ಟಿಗೆಯಲ್ಲಿ ಇಟ್ಟು, ಬಾಗಿಲು ಎಳೆದು ಬಂದರು. “ಈ ಸಲ ಹಂಗೇ ಕೀಳ್ತೀನಿ. ಚುಕ್ಕಿ ಇದ್ರೆ ಇರ್ಲಿ. ಮಂಡಿಯವನು ಏನಂತಾನೋ ಕೇಳಾಣ” ಅಂದರು. ಈ ಸಲ ಅಂದರು. ಮುಂದಿನ ಸಲದ್ದು ಗೊತ್ತಿಲ್ಲ. ಅವರು ಮತ್ತೆ ಗೋಡೆಗೊರಗಿ ಕೂತರು.

ಅತ್ತೆ ಮತ್ತೆ ಬಿಸಿ ಮಾಡಿದ ಸಾರಿನ ವಾಸನೆ ಬರುತ್ತಿದೆ. ಸೆರಗು ಮೂಗಿಂದ ಜಾರಿದೆ, ನನಗೇ ಗೊತ್ತಾಗಲಿಲ್ಲ. ಬೆಳ್ಳುಳ್ಳಿ. ಅಣ್ಣೆಸೊಪ್ಪು. ಬೆವರು ಬರಲಿಲ್ಲ. ಬಾಯಲ್ಲಿ ನೀರು, ಆ ಕೆಟ್ಟ ನೀರಲ್ಲ. ಒಳಗಿರುವುದು ಒದೆಯುತ್ತಿದೆ.

“ಬಾಮ್ಮ ಅರುಣಾ. ನಮಗೇನೂ ಆಗಿಲ್ಲ. ಬಂದು ಉಣ್ಣು.”

ಜಗಲಿ ಕಾಣುತ್ತಿದೆ. ಒದ್ದೆ ಸೆರಗು, ಸೆರಗಿನ ಗಂಟು. ಬಿಚ್ಚುತ್ತಿದ್ದಾಳೆ. ಅಮ್ಮಾ, ಇರು, ಹೋಗ್ಬೇಡ, ಕೈ ತೊಳ್ಕೊಂಡು ಬಂ